ಬೆಂಗಳೂರಿನ ಅರಮನೆ: ಒಂದು ಆಂಗ್ಲಗೃಹದ ಚರಿತ್ರೆ

೧. ಪೀಠಿಕೆ

ತುಂಗಭದ್ರೆಯ ಬಲದಂಡೆಯಲ್ಲಿರುವ ಹರಿಹರಕ್ಷೇತ್ರದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು ಕ್ರಿ. ಶ. ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವು ಎಂಟುನೂರು ವರ್ಷಗಳ ಮಳೆಬಿಸಿಲುಗಳನ್ನು ತಡೆದು ಇಂದಿಗೂ ನಿಂತಿರುವುದು. ಅದರ ಕಂಬಗಳೂ ಭುವನೇಶ್ವರಿಗಳೂ ಶಾಸನಗಳೂ ವಿದ್ವಾಂಸರ ಪರಿಶೀಲನೆಗೆ ಒದಗಿವೆ. ಆದರೆ ಆ ದೇವಾಲಯವನ್ನು ಕಟ್ಟಿಸಿದ ಪೋಲಾಳ್ವನು ತಾನು ವಾಸಮಾಡಿದ ಮನೆಯು ಉಳಿದಿಲ್ಲ. ಅವನ ಒಡೆಯನು ದೋರಸಮುದ್ರದಲ್ಲಿ ಕುಳಿತು ಆಳಿದ ಅರಮನೆಯೂ ಹಾಗೆಯೇ ಅಳಿದುಹೋಯಿತು. ವಿಜಯನಗರದ ರಾಜಾಂಗಣದಲ್ಲಿ ಕಲ್ಲಿನ ಜಗತಿಗಳು ಸಾಲುಸಾಲಾಗಿ ಬಿದ್ದಿರುವುವಲ್ಲದೆ, ಅವುಗಳ ಮೇಲೆ ಎದ್ದಿದ್ದ ಮರದ ಕಂಬ, ತೊಲೆ, ಉಪ್ಪರಿಗೆಗಳಲ್ಲಿ ಒಂದೂ ಕಾಣಸಿಗದು.

ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಈ ನಾಡಿನವರು ದೇವರ ಮನೆಯನ್ನು ಕಲ್ಲಿನಿಂದಲೂ ಮನುಷ್ಯರ ಮನೆಯನ್ನು ಮರ, ಮಣ್ಣು, ಗಾರೆಗಳಿಂದಲೂ ಕಟ್ಟಿದರು. ದೇವರು ನಿತ್ಯನು, ಮನುಷ್ಯನು ಅನಿತ್ಯನು ಎಂಬ ಭಾವನೆಗೆ ಇದು ಅನುರೂಪವಾಗಿಯೇ ಇರುವುದು. ಆದರೆ ಇದರ ಫಲವಾಗಿ ಕರ್ಣಾಟಕದ ವಾಸ್ತುಚರಿತ್ರೆಯೆಂಬುದು ಬಹುಮಟ್ಟಿಗೆ ದೇವಾಲಯಗಳ ಚರಿತ್ರೆಯಾಗಿ ಪರಿಣಮಿಸಿದೆ. ಅರಸರು ಎಲ್ಲಿ ಮಲಗಿದರು, ಎಲ್ಲಿ ಉಂಡರು, ಯಾವ ಕಡೆ ನಿಂತು ಪ್ರಜೆಗಳಿಗೆ ದರ್ಶನವಿತ್ತರು ಎಂಬುದನ್ನು ಕಾವ್ಯಗಳ ವರ್ಣನೆಯಿಂದಲೂ ಪರದೇಶದ ಯಾತ್ರಿಕರ ಮಾತುಗಳಿಂದಲೂ ಊಹಿಸಬೇಕಾಗಿದೆ. ಆದುದರಿಂದ ಉಳಿದುಬಂದಿರುವ ಕೆಲವೇ ರಾಜಗೃಹಗಳು, ಅವು ಎಷ್ಟೇ ಈಚಿನವಾಗಿರಲಿ, ವಿಮರ್ಶೆಗೆ ಯೋಗ್ಯವಾದುವು.

ಇಂತಹವುಗಳಲ್ಲಿ ಬೆಂಗಳೂರಿನ ಅರಮನೆಯು ಒಂದು. ಅದರ ವಿಚಾರದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಮೈಸೂರಿನ ದೊರೆಯೊಬ್ಬರು ಇಂಗ್ಲೆಂಡಿನ ವಿಂಡ್ಸರ್ ದುರ್ಗವನ್ನು ಕಂಡು ಮೆಚ್ಚಿ ಅದರ ಪ್ರತಿಕೃತಿಯಾಗಿ ಇದನ್ನು ಕಟ್ಟಿಸಿದರೆಂಬುದು ಮೊದಲನೆಯದು. ಇದು ಕೇವಲ ಪರದೇಶದ ಅನುಕರಣವಾದುದರಿಂದ ಕರ್ಣಾಟಕದ ವಾಸ್ತುಚರಿತ್ರೆಯಲ್ಲಿ ಇದಕ್ಕೆ ಸ್ಥಾನವಿಲ್ಲವೆಂಬುದು ಎರಡನೆಯದು. ಇವೆರಡೂ ಪರೀಕ್ಷೆಗೆ ನಿಲ್ಲಲಾರವೆಂಬುದನ್ನು ಮುಂದೆ ತೋರಿಸಲಾಗುವುದು.

೨. ಅರಮನೆಯೆಂಬ ಶಬ್ದ

ಮೊದಲು ಶಬ್ದವಿಚಾರ. ‘ಅರಮನೆ’ ಎಂಬುದನ್ನು ಕನ್ನಡ ಕೋಶಕಾರರು ‘ಅರಸನ ಮನೆ’ ಎಂದು ಬಿಡಿಸುವರು. ಸಮಾಸದಲ್ಲಿ ‘ಅರಸು’ ಶಬ್ದವು ‘ಅರ’ ಎಂದು ನಿಲ್ಲುವುದಕ್ಕೆ ‘ಅರಗಿಳಿ’ ಎಂಬುದೂ ಉದಾಹರಣೆಯಾಗಿದೆ. ತಮಿಳಿನಲ್ಲಿ ಇದೇ ಅರ್ಥದಲ್ಲಿ ‘ಅರಣ್ಮನೈ’ ಎಂಬ ರೂಪವುಂಟು. ಆ ಭಾಷೆಯಲ್ಲಿ ‘ಅರಣ್’ ಎಂದರೆ ಕೋಟೆ, ರಕ್ಷೆ. ಆ ರೂಪವನ್ನು ಅನುಸರಿಸಿದರೆ ಅರಮನೆಯು ‘ಕೋಟೆಮನೆ’ಯಾಗುವುದು. ಕನ್ನಡಕ್ಕೆ ಮೊದಲನೆಯ ನಿಷ್ಪತ್ತಿಯೇ ಸಾಧುವಾದುದು. ಆದರೂ ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಪ್ರಕೃತ ವಿಷಯಕ್ಕೆ ಉಪಕಾರಕ. ಏಕೆಂದರೆ ಒಂದು ಅರ್ಥವು ವಾಸಿಸುವವನನ್ನು ನೋಡುತ್ತದೆ, ಮತ್ತೊಂದು ಕಟ್ಟಡದ ಆಕಾರವನ್ನು ನೋಡುತ್ತದೆ. ಬೆಂಗಳೂರಿನ ಈ ಗೃಹವು ಕೋಟೆಯ ಆಕಾರವನ್ನು ಪಡೆದಿದ್ದರೂ ಹುಟ್ಟಿನಿಂದ ಅರಸನ ಮನೆಯಲ್ಲ. ಅರಸನ ಮನೆಯಾದ ಮೇಲೆ ಕೋಟೆಯ ಕೆಲಸವನ್ನು ಅದು ಎಂದೂ ಮಾಡಲಿಲ್ಲ.

ನಮ್ಮ ಶಿಲ್ಪಶಾಸ್ತ್ರಗಳು ರಾಜಗೃಹವನ್ನು ರಾಜನ ಪದವಿಯೊಂದಿಗೆ ಗಂಟುಹಾಕಿವೆ. ಮಾನಸಾರದಲ್ಲಿ ರಾಜಹರ್ಮ್ಯಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಚಕ್ರವರ್ತಿಯಿಂದ ಅಸ್ತ್ರಗ್ರಾಹನವರೆಗೆ ರಾಜರನ್ನು ಒಂಬತ್ತು ದರ್ಜೆಗಳಾಗಿ ಎಣಿಸಿ, ಆಯಾ ದರ್ಜೆಗೆ ತಕ್ಕ ಮನೆಯನ್ನು ಅಲ್ಲಿ ವಿಧಿಸಿದೆ. ಅರಸನ ಅಧಿಕಾರವೆಷ್ಟೋ ಅವನ ಮನೆಯೂ ಅಷ್ಟು ಎಂಬುದು ಆ ಶಾಸ್ತ್ರದ ತಾತ್ಪರ್ಯ. ಅಧಿಕಾರವೇ ಇಲ್ಲದ ಅರಸನಿಗೆ ಯಾವ ಮನೆ ಎಂಬ ಪ್ರಶ್ನೆಗೆ ಶಾಸ್ತ್ರಕಾರನು ಉತ್ತರ ಹೇಳಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನದಲ್ಲಿ ಆ ಪ್ರಶ್ನೆಯೇ ಎದ್ದು ನಿಂತಿತು.

೩. ಕಮಿಷನರುಗಳ ಕಾಲದ ಬೆಂಗಳೂರು

೧೮೩೧ರಲ್ಲಿ ಇಂಗ್ಲಿಷ್ ಕಂಪೆನಿ ಸರಕಾರವು ಮುಮ್ಮಡಿ ಕೃಷ್ಣರಾಜ ಒಡೆಯರವರ ಕೈಯಿಂದ ರಾಜ್ಯಭಾರವನ್ನು ತೆಗೆದುಕೊಂಡು ಕಮಿಷನರುಗಳಿಗೆ ಒಪ್ಪಿಸಿತು. ಮಹಾರಾಜರವರು ಮೈಸೂರಿನ ಅರಮನೆಯಲ್ಲಿಯೇ ಉಳಿದರು. ಆಡಳಿತವು ಬೆಂಗಳೂರಿಗೆ ಬಂದಿತು. ಕಮಿಷನರ ಕಚೇರಿಗಳಿಗೆ ಸ್ಥಳವಾದುದು ಬೆಂಗಳೂರು ಕೋಟೆಯೊಳಗಿನ ಟೀಪೂ ಸುಲ್ತಾನನ ಅರಮನೆ. ಹೈದರಾಲಿಯು ಆರಂಭಿಸಿ ಟೀಪುವು ೧೭೯೧ರಲ್ಲಿ ಮುಗಿಸಿದ ಎರಡಂತಸ್ತಿನ ಆ ಮರದ ಅರಮನೆಯಲ್ಲಿ, ತೇಗದ ಕಂಬಗಳು ಕಲ್ಲಿನ ಪೀಠಗಳ ಮೇಲೆ ನಿಂತಿವೆ. ಮೇಲಂತಸ್ತಿನ ಮೊಗಸಾಲೆಗಳಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಮುಖವಾಗಿ ದರ್ಬಾರಿನ ಸ್ಥಾನಗಳಿವೆ. ಅಲ್ಲಿ ಸುಲ್ತಾನನು ಕುಳಿತ ಕಡೆ ಕಮಿಷನರ ಗುಮಾಸ್ತರು ದಫ್ತರಗಳನ್ನು ಹರಡಿದರು.

೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ ಸಾಹೇಬರು ೧೮೪೦-೪೨ರಲ್ಲಿ ತಮ್ಮ ವಾಸಕ್ಕಾಗಿ ಕಟ್ಟಿಸಿದ ಮನೆಯು ಮುಂದೆ ರೆಸಿಡೆನ್ಸಿಯಾಗಿ ಇಂದು ರಾಜಭವನವಾಗಿದೆ. ಅವರ ತರುವಾಯ ಬಂದ ಲೆವಿನ್ ಬೌರಿಂಗ್ ಸಾಹೇಬರ ಕಾಲದಲ್ಲಿ ಕಟ್ಟಡಗಳ ಕೆಲಸವು ವೇಗವಾಗಿ ನಡೆಯಿತು. ಹದಿನೆಂಟು ಇಲಾಖೆಗಳ ಕಚೇರಿಗಳಿಗಾಗಿ ಕಟ್ಟಲ್ಪಟ್ಟ ಅಠಾರಾ ಕಚೇರಿಯು ೧೮೬೮ರಲ್ಲಿ ಮುಗಿದು, ದಫ್ತರಗಳು ಟೀಪುವಿನ ಅರಮನೆಯಿಂದ ಅಲ್ಲಿಗೆ ಹೋದುವು. ಅದೇ ೧೮೬೮ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು ಇಟ್ಟಿಗೆಗಳ ಸೇತುವೆ ಸಿದ್ಧವಾಯಿತು. ಅರುವತ್ತು ಅಡಿಗಳ ಹದಿನಾಲ್ಕು ಕಮಾನುಗಳುಳ್ಳ ಆ ಸೇತುವೆಗೆ ಸುಮಾರು ಮೂರು ಲಕ್ಷ ರೂಪಾಯಿ ವೆಚ್ಚವಾಯಿತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯು ಅದರ ಮೇಲೆ ಸಾಗಿ, ದಾವಣಗೆರೆಯಂತಹ ವರ್ತಕಸ್ಥಳಗಳಿಗೆ ಉತ್ತರದ ದಾರಿಯನ್ನು ಮಳೆಗಾಲದಲ್ಲಿಯೂ ತೆರೆದಿಟ್ಟಿತು.

ಸೇತುವೆ, ಕಚೇರಿ, ರಸ್ತೆ, ಶಾಲೆ ಇವು ಕಮಿಷನಿನ ಕಟ್ಟಡಗಳು. ರಾಜಧಾನಿಯಂತಾಗಿದ್ದ ಬೆಂಗಳೂರಿನಲ್ಲಿ ಅರಸನಿಗೆ ಮಾತ್ರ ಮನೆಯಿರಲಿಲ್ಲ. ಇದ್ದ ಅರಮನೆಯು ಕಚೇರಿಯಾಗಿ ಹೋಗಿತ್ತು. ಮುಂದೆ ಅರಮನೆಯಾದುದು ಶಾಲೆಯ ಉಪಾಧ್ಯಾಯರೊಬ್ಬರ ಮನೆ. ಈ ವಿಪರ್ಯಾಸದಲ್ಲಿ ಆ ಅರ್ಧಶತಮಾನದ ಮೈಸೂರಿನ ಚರಿತ್ರೆಯೆಲ್ಲವೂ ಅಡಗಿದೆಯೆಂದರೆ ತಪ್ಪಾಗದು.

೪. ಗ್ಯಾರೆಟ್ ಸಾಹೇಬರು

ಆ ಉಪಾಧ್ಯಾಯರು ರೆವರೆಂಡ್ ಜಾನ್ ಗ್ಯಾರೆಟ್ ಎಂಬವರು. ಕನ್ನಡ ಸಾಹಿತ್ಯವನ್ನು ಬೋಧಿಸುವವರಿಗೆ ಈ ಹೆಸರು ಅಪರಿಚಿತವಾಗಿರಬಾರದು. ವೆಸ್ಲಿಯನ್ ಮಿಷನ್ನಿಗೆ ಸೇರಿದವರಾಗಿ ಬೆಂಗಳೂರಿಗೆ ಬಂದ ಇವರು ಆ ಮಿಷನ್ನಿನ ಮುದ್ರಾಲಯದ ಮೂಲಕ ಗ್ರಂಥಪ್ರಕಾಶನದಲ್ಲಿ ತೊಡಗಿದರು. ೧೮೪೦ರ ದಶಕದಲ್ಲಿ ಅಲ್ಲಿಂದ ಇವರು ಹೊರತಂದ ಭಗವದ್ಗೀತೆಯ ಆವೃತ್ತಿಯಲ್ಲಿ ಸಂಸ್ಕೃತ ಮೂಲ, ಹೊಸದಾಗಿ ಮಾಡಿಸಿದ ಕನ್ನಡ ಭಾಷಾಂತರ, ಚಾರ್ಲ್ಸ್ ವಿಲ್ಕಿನ್ಸರ ಇಂಗ್ಲಿಷ್ ಭಾಷಾಂತರ ಇವು ಒಂದೆಡೆ ಸೇರಿದುವು. ಜರ್ಮನ್ ಪಂಡಿತ ಹುಂಬೋಲ್ಟನು ಗೀತೆಯನ್ನು ಕುರಿತು ಬರೆದ ಪ್ರಬಂಧವೂ, ವೈಗ್ಲೆ ಎಂಬವರು ಮಾಡಿದ ಇಂಗ್ಲಿಷ್ ಅನುವಾದದಲ್ಲಿ, ಅದಕ್ಕೆ ಅನುಬಂಧವಾಯಿತು. ಕನ್ನಡದಲ್ಲಿ ಮುದ್ರಣವು ಇನ್ನೂ ಶೈಶವದಲ್ಲಿದ್ದಾಗ ಇಂತಹ ಬಹುಭಾಷಾ ಆವೃತ್ತಿಯೊಂದು ಬೆಂಗಳೂರಿನಲ್ಲಿ ಸಿದ್ಧವಾದುದು ಸಾಮಾನ್ಯವಲ್ಲ. ೧೮೭೧ರಲ್ಲಿ ಮದರಾಸಿನಿಂದ ಪ್ರಕಟವಾದ ಭಾರತದ ಪುರಾಣ, ದರ್ಶನ, ಸಾಹಿತ್ಯಗಳ ಅಕಾರಾದಿ ಕೋಶವೂ ಇವರ ಕೃತಿಯೇ.

೧೮೫೮ರಲ್ಲಿ ಬೆಂಗಳೂರಿನಲ್ಲಿ ಸರಕಾರದ ಪ್ರೌಢಶಾಲೆಯು ಆರಂಭವಾದಾಗ ಅದರ ಮೊದಲ ಮುಖ್ಯಸ್ಥರು ಗ್ಯಾರೆಟ್ ಸಾಹೇಬರೇ. ಆ ಶಾಲೆಯು ಕಾಲಕ್ರಮದಲ್ಲಿ ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧವಾಯಿತು. ಮುಂದೆ ಇವರು ಸಂಸ್ಥಾನದ ವಿದ್ಯಾ ಇಲಾಖೆಯ ಡೈರೆಕ್ಟರಾದರು. ಇವರ ತರುವಾಯ ಆ ಇಲಾಖೆಯನ್ನು ನಡೆಸಿದವರು ಬಿ. ಎಲ್. ರೈಸ್ ಸಾಹೇಬರು, ಹರಿಹರ ದಾವಣಗೆರೆಗಳ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟವು ಇವರಿಂದ ೧೯೦೩ರಲ್ಲಿ ಪ್ರಕಟವಾಯಿತು. ಹೀಗೆ ಕರ್ಣಾಟಕದ ಶಾಸನಶೋಧನೆಯ ಆದಿಪುರುಷರಿಗೂ ಈ ಅರಮನೆಯ ಮೊದಲ ಒಡೆಯರಿಗೂ ಒಂದೇ ಇಲಾಖೆಯ ನಂಟಿರುವುದು.

ಗ್ಯಾರೆಟ್ ಸಾಹೇಬರು ಬೆಂಗಳೂರಿನ ಪೇಟೆಗೆ ಉತ್ತರದ ಬಯಲಿನಲ್ಲಿ ತಮ್ಮ ಮನೆಯನ್ನು ೧೮೬೨ರಲ್ಲಿ ಆರಂಭಿಸಿದರೆಂದು ಪ್ರಸಿದ್ಧಿಯಿದೆ. ಆ ಕಾಲದ ದಂಡಿನ ಪ್ರದೇಶದಲ್ಲಿ ಇಂಗ್ಲಿಷರು ಕಟ್ಟಿಕೊಳ್ಳುತ್ತಿದ್ದುದು ಸಾಮಾನ್ಯವಾಗಿ ಒಂದಂತಸ್ತಿನ, ಮುಂದೆ ಜಗಲಿಯುಳ್ಳ, ಹೆಂಚಿನ ಮಾಡಿನ ಬಂಗಲೆಗಳನ್ನು. ಗ್ಯಾರೆಟ್ಟರ ಮನೆಯಾದರೋ ಇಂಗ್ಲೆಂಡಿನ ಪ್ರಾಚೀನ ಪ್ರಭುಗೃಹಗಳ ಮಾದರಿಯದು. ಪರದೇಶದಲ್ಲಿ ನೆಲೆಸಿದವನು ತನ್ನ ನಾಡಿನ ಪುರಾತನ ರೂಪವನ್ನು ಬಯಸುವುದು ಸಹಜವಾದುದೇ.

೫. ಬಾಲಕ ದೊರೆಯ ಹೆಸರಿನಲ್ಲಿ ಕ್ರಯ

ಮುಮ್ಮಡಿಯವರಿಗೆ ಔರಸಪುತ್ರರಿಲ್ಲದಿದ್ದುದರಿಂದ ೧೮೬೫ರಲ್ಲಿ ಚಾಮರಾಜ ಒಡೆಯರವರನ್ನು ದತ್ತು ಸ್ವೀಕರಿಸಿದರು. ಆ ದತ್ತಪುತ್ರನಿಗೆ ಪ್ರಾಪ್ತವಯಸ್ಸಿನಲ್ಲಿ ರಾಜ್ಯವನ್ನು ಹಿಂದಿರುಗಿಸಬೇಕೆಂದು ೧೮೬೭ರಲ್ಲಿ ಲಂಡನ್ನಿನ ಸರಕಾರವು ನಿರ್ಣಯಿಸಿತು. ೧೮೬೮ರ ಮಾರ್ಚಿಯಲ್ಲಿ ಮುಮ್ಮಡಿಯವರು ದಿವಂಗತರಾಗಲು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಐದು ವರ್ಷದ ಬಾಲಕನಿಗೆ ಪಟ್ಟಾಭಿಷೇಕವಾಯಿತು. ಬಾಲಕ ದೊರೆಯ ವಿದ್ಯಾಭ್ಯಾಸಕ್ಕೂ ಸ್ವತ್ತಿಗೂ ಇಂಗ್ಲಿಷ್ ಪಾಲಕರು ನೇಮಕವಾದರು. ೧೮೬೯ರಿಂದ ೧೮೭೭ರವರೆಗೆ ಆ ಸ್ಥಾನದಲ್ಲಿದ್ದವರು ೧೮೫೭ರ ದಂಗೆಯ ಚರಿತ್ರಕಾರರೆಂದು ಖ್ಯಾತರಾದ ಕರ್ನಲ್ ಮ್ಯಾಲೆಸನ್. ತರುವಾಯ ಜೆ. ಡಿ. ಗಾರ್ಡನ್ ಸಾಹೇಬರು ಬಂದರು.

೧೮೭೩ರಲ್ಲಿ ಪಾಲಕರು ಮಹಾರಾಜರವರ ಸ್ವಂತ ನಿಧಿಯಿಂದ ನಲವತ್ತು ಸಾವಿರ ರೂಪಾಯಿ ಕೊಟ್ಟು ಗ್ಯಾರೆಟ್ಟರ ಸ್ವತ್ತನ್ನು ಕೊಂಡರು. ೧೮೭೪ರ ಏಪ್ರಿಲಿನಲ್ಲಿ ಹೊಸ ಕಟ್ಟಡದ ಕೆಲಸವು ಆರಂಭವಾಗಿ ೧೮೭೮ರಲ್ಲಿ ಮುಗಿಯಿತು. ಚಾಮರಾಜ ಒಡೆಯರವರು ೧೮೮೪ರಲ್ಲಿ ಕೊಂಡರೆಂಬ ಮತ್ತೊಂದು ಕಥನವೂ ಬಳಕೆಯಲ್ಲಿದೆ. ೧೮೮೪ರಲ್ಲಿ ಅವರು ಪ್ರಾಪ್ತವಯಸ್ಕರಾಗಿ ಸ್ವತಃ ರಾಜ್ಯವನ್ನು ಆಳುತ್ತಿದ್ದರು. ಆದುದರಿಂದ ಈ ಎರಡು ವರ್ಷಗಳ ಭೇದವು ಅಂಕಿಗಳ ಭೇದ ಮಾತ್ರವಲ್ಲ. ೧೮೮೪ ನಿಜವಾದರೆ ಮನೆಯು ಅರಸನ ಆಯ್ಕೆ. ೧೮೭೩ ನಿಜವಾದರೆ ಅದು ಪಾಲಕರ ಆಯ್ಕೆ. ಪಾಲಕರು ಕೊಂಡುದನ್ನೂ, ಬೆಲೆಯನ್ನೂ, ಕೆಲಸ ಆರಂಭವಾದ ತಿಂಗಳನ್ನೂ, ಮುಗಿದ ವರ್ಷವನ್ನೂ ಒಂದಕ್ಕೊಂದು ಹೊಂದಿಸಿ ಹೇಳುವ ಮೊದಲನೆಯ ಕಥನವೇ ಗ್ರಾಹ್ಯವಾಗಿ ತೋರುತ್ತದೆ.

ಇದರಿಂದ ವಿಂಡ್ಸರಿನ ಕಥೆಯ ಗತಿಯೂ ತಿಳಿಯುವುದು. ಚಾಮರಾಜ ಒಡೆಯರವರು ಜನಿಸಿದುದು ೧೮೬೩ರ ಫೆಬ್ರವರಿಯಲ್ಲಿ. ಗ್ಯಾರೆಟ್ಟರು ಮನೆಯನ್ನು ಆರಂಭಿಸಿದಾಗ ಅವರಿನ್ನೂ ಹುಟ್ಟಿರಲಿಲ್ಲ. ೧೮೭೪ರಲ್ಲಿ ಹೊಸ ಕೆಲಸವು ತೊಡಗಿದಾಗ ಅವರಿಗೆ ಹನ್ನೊಂದು ವರ್ಷ. ದೊರೆಯು ವಿಂಡ್ಸರನ್ನು ಕಂಡು ಬಂದು ಕಟ್ಟಿಸಿದರೆಂಬ ಮಾತಿಗೆ ಇಲ್ಲಿ ಅವಕಾಶವೇ ಇಲ್ಲ.

ಕಟ್ಟಡವು ಏಳುತ್ತಿದ್ದ ವರ್ಷಗಳನ್ನೂ ಗಮನಿಸಬೇಕು. ೧೮೭೬ರಿಂದ ೧೮೭೮ರವರೆಗೆ ದಕ್ಷಿಣದೇಶವನ್ನು ಪೀಡಿಸಿದ ಮಹಾಕ್ಷಾಮವು ಮೈಸೂರು ಸಂಸ್ಥಾನದಲ್ಲಿ ಭಯಂಕರವಾಗಿತ್ತು. ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷದ ಐವತ್ತೈದು ಸಾವಿರಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆಯು ೧೮೮೧ರಲ್ಲಿ ನಲವತ್ತೊಂದು ಲಕ್ಷದ ಎಂಬತ್ತಾರು ಸಾವಿರಕ್ಕೆ ಇಳಿಯಿತು. ರಾಜ್ಯದ ಆರನೆಯ ಒಂದು ಪಾಲಿಗಿಂತ ಹೆಚ್ಚು ಜನ ಕಡಮೆಯಾದ ಆ ದಶಕದಲ್ಲಿಯೇ ಈ ಗೃಹದ ಗೋಪುರಗಳು ಎದ್ದುವು. ಪಟ್ಟದ ಬಾಲಕನಿಗೆ ಕ್ಷಾಮಪರಿಹಾರದಲ್ಲಿಯಾಗಲಿ ಮನೆಯ ವೆಚ್ಚದಲ್ಲಿಯಾಗಲಿ ನಿರ್ಣಯಿಸುವ ಅಧಿಕಾರವಿರಲಿಲ್ಲ. ಎರಡೂ ಇತರರ ಕೈಯಲ್ಲಿದ್ದುವು.

೬. ಬಹಿರ್ರೂಪ: ಟ್ಯೂಡರ್ ಶೈಲಿ

ಇಂಗ್ಲೆಂಡಿನಲ್ಲಿ ೧೪೮೫ರಿಂದ ೧೬೦೩ರವರೆಗೆ ಆಳಿದ ಅರಸುಮನೆತನಕ್ಕೆ ಟ್ಯೂಡರ್ ಎಂಬ ಹೆಸರು. ಅದಕ್ಕೆ ಹಿಂದಿನ ಶತಮಾನಗಳಲ್ಲಿ ಅಲ್ಲಿನ ಪ್ರಭುಗಳು ದುರ್ಗಗಳಲ್ಲಿ ವಾಸಿಸುತ್ತಿದ್ದರು. ಅಗಳು, ಕೊತ್ತಳ, ಎತ್ತರದ ಗೋಡೆಯ ಮೇಲೆ ಬಿಲ್ಲುಗಾರರು ಮರೆಯಾಗಿ ನಿಲ್ಲುವುದಕ್ಕಾಗಿ ತೆನೆಗಳು ಇವು ಆ ಮನೆಗಳ ಅಂಗಗಳು. ಇವೇ ನಮ್ಮ ಅರ್ಥಶಾಸ್ತ್ರದ ದುರ್ಗವಿಧಾನದಲ್ಲಿ ಅಟ್ಟಾಲಕ, ಕಪಿಶೀರ್ಷಕ ಎಂಬ ಹೆಸರಿನಿಂದ ಬರುವುವು. ಫಿರಂಗಿಯು ಬಂದು ದುರ್ಗದ ಗೋಡೆಯು ನಿಷ್ಪ್ರಯೋಜಕವಾದ ಮೇಲೆ, ಒಳನಾಡಿನಲ್ಲಿ ಶಾಂತಿಯು ನೆಲೆಗೊಂಡ ಮೇಲೆ, ಟ್ಯೂಡರ್ ಕಾಲದ ಪ್ರಭುಗಳು ದೊಡ್ಡ ಕಿಟಕಿಗಳುಳ್ಳ, ಬೆಳಕು ತುಂಬಿದ ಮನೆಗಳನ್ನು ಕಟ್ಟಿದರು. ಆದರೂ ಗೋಪುರಗಳನ್ನೂ ತೆನೆಗಳನ್ನೂ ಬಿಡಲಿಲ್ಲ. ರಕ್ಷಣೆಗಾಗಿ ಹುಟ್ಟಿದ ಅಂಗವು ಕುಲೀನತೆಯ ಚಿಹ್ನೆಯಾಗಿ ಉಳಿಯಿತು. ಇದು ಅಲಂಕಾರಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ವಾಚ್ಯಾರ್ಥವು ಬಾಧಿತವಾಗಿ ಲಕ್ಷಣೆಯಿಂದ ಅರ್ಥವು ನಿಂತಂತೆ.

ಹದಿನೆಂಟನೆಯ ಶತಮಾನದ ಮಧ್ಯದಿಂದ ಇಂಗ್ಲೆಂಡಿನಲ್ಲಿ ಈ ಹಳೆಯ ರೂಪಗಳನ್ನು ಪುನಃ ಬಳಕೆಗೆ ತರುವ ಅಭಿರುಚಿಯು ಹುಟ್ಟಿತು. ೧೮೩೪ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನವು ಸುಟ್ಟುಹೋದಾಗ ಹೊಸ ಭವನವನ್ನು ಪ್ರಾಚೀನ ಶೈಲಿಯಲ್ಲಿಯೇ ಕಟ್ಟಬೇಕೆಂದು ವಿಧಿಸಿದರು. ವಿಂಡ್ಸರ್ ದುರ್ಗದ ವಿಷಯವೂ ಹೀಗೆಯೇ. ಹನ್ನೊಂದನೆಯ ಶತಮಾನದಲ್ಲಿ ವಿಲಿಯಂ ದೊರೆಯು ಸ್ಥಾಪಿಸಿದ ಆ ದುರ್ಗವು ಇಂದು ಕಾಣುವ ಆಕೃತಿಯನ್ನು ಬಹುಮಟ್ಟಿಗೆ ಪಡೆದುದು ನಾಲ್ಕನೆಯ ಜಾರ್ಜ್ ದೊರೆಯ ಅಪ್ಪಣೆಯಂತೆ ವಯಟ್‌ವಿಲ್ ಎಂಬ ವಾಸ್ತುಶಿಲ್ಪಿಯು ೧೮೨೪ರಿಂದ ಕೈಗೊಂಡ ಪುನಾರಚನೆಯಿಂದ. ಅಲ್ಲಿನ ಪ್ರಸಿದ್ಧವಾದ ದುಂಡುಗೋಪುರವನ್ನು ದೂರಕ್ಕೆ ಗಂಭೀರವಾಗಿ ಕಾಣಲೆಂದು ಆಗಲೇ ಎತ್ತರಿಸಿದರು. ಆದುದರಿಂದ ಬೆಂಗಳೂರಿನ ಅರಮನೆಯು ವಿಂಡ್ಸರನ್ನು ಹೋಲುವುದೆಂದರೆ, ಒಂದು ಪುರಾತನ ವಸ್ತುವನ್ನು ಒಂದು ನೂತನ ವಸ್ತುವು ಹೋಲುವುದೆಂದು ತಿಳಿಯಲಾಗದು. ಎರಡೂ ಅರ್ಧಶತಮಾನದ ಅಂತರದಲ್ಲಿ ಒಂದೇ ಅಭಿರುಚಿಯಿಂದ ಹುಟ್ಟಿದ ರೂಪಗಳು. ಪ್ರಾಚೀನತೆಯ ವೇಷವು ಇಲ್ಲಿ ಎಷ್ಟು ಹೊಸದೋ ಅಲ್ಲಿಯೂ ಹೆಚ್ಚುಕಡಮೆ ಅಷ್ಟೇ ಹೊಸದು.

ಬೆಂಗಳೂರಿನ ಗೃಹದ ಮುಂಭಾಗದಲ್ಲಿ ದುಂಡನೆಯ ಮತ್ತು ಚೌಕನೆಯ ಬುರುಜುಗಳು, ಅವುಗಳ ತಲೆಯಲ್ಲಿ ತೆನೆಗಳ ಸಾಲು, ಮೊನೆಯುಳ್ಳ ಕಮಾನುಗಳು, ಗೋಡೆಗಳನ್ನು ಹಬ್ಬಿದ ಬಳ್ಳಿಗಳು ಕಾಣುವುವು. ಈ ಬುರುಜುಗಳ ಮೇಲೆ ಯಾವ ಬಿಲ್ಲುಗಾರನೂ ನಿಂತವನಲ್ಲ. ಸುತ್ತಣ ಉದ್ಯಾನದ ರಚನೆಯಲ್ಲಿ ಲಾಲ್‌ಬಾಗಿನ ಅಧ್ಯಕ್ಷರಾಗಿದ್ದ ಜಾನ್ ಕ್ಯಾಮೆರಾನ್ ಸಾಹೇಬರ ಕೈ ಇರುವುದು. ಅರಮನೆಗೆ ಸೇರಿದ ಭೂಮಿಯು ೪೫೦ ಎಕರೆಗೂ ಮಿಕ್ಕುದು.

ಇಂಗ್ಲೆಂಡಿನ ಚರಿತ್ರೆಯಲ್ಲಿ ಇದಕ್ಕೆ ಇನ್ನೊಂದು ಸಾದೃಶ್ಯವುಂಟು. ಟ್ಯೂಡರ್ ಶೈಲಿಯ ಶ್ರೇಷ್ಠ ಉದಾಹರಣೆಯಾದ ಹ್ಯಾಂಪ್ಟನ್ ಕೋರ್ಟ್ ಅರಮನೆಯನ್ನು ಕಟ್ಟಿಸಿದವನು ಅರಸನಲ್ಲ. ವುಲ್ಸಿ ಎಂಬ ಧರ್ಮಾಧಿಕಾರಿ. ೧೫೨೯ರಲ್ಲಿ ಅವನು ಪದಚ್ಯುತನಾಗುವ ಹೊತ್ತಿಗೆ ಅದು ಎಂಟನೆಯ ಹೆನ್ರಿ ದೊರೆಯ ವಶವಾಗಿತ್ತು. ಪಾದ್ರಿಯೊಬ್ಬನ ಮನೆಯು ಅರಸನ ಮನೆಯಾದುದರಲ್ಲಿ ಈ ಎರಡು ಅರಮನೆಗಳೂ ಸಮಾನ. ಆದರೆ ಭೇದವು ಹೋಲಿಕೆಗಿಂತ ದೊಡ್ಡದು. ಹೆನ್ರಿಯು ತನ್ನ ಅಧಿಕಾರಬಲದಿಂದ ಪಡೆದನು; ಬೆಂಗಳೂರಿನಲ್ಲಿ ಅಧಿಕಾರವಿಲ್ಲದ ಬಾಲಕನಿಗಾಗಿ, ಅವನ ಹಣದಿಂದಲೇ, ಅವನನ್ನು ಪಾಲಿಸುವವರು ಕೊಂಡರು.

೭. ಅಂತರ್ವಿನ್ಯಾಸ

ಹೊರಗಿನಿಂದ ಇಂಗ್ಲಿಷ್ ಗೃಹವಾದ ಇದರ ಒಳಗಣ ವ್ಯವಸ್ಥೆಯನ್ನು ನೋಡಿದರೆ ಎರಡನೆಯ ಅಭಿಪ್ರಾಯವು, ಎಂದರೆ ಇದು ಕೇವಲ ಅನುಕರಣವೆಂಬುದು, ಸಡಿಲವಾಗುತ್ತದೆ. ಗೃಹದಲ್ಲಿ ಮೂವತ್ತೈದು ಕೊಠಡಿಗಳಿದ್ದು ಅವುಗಳಲ್ಲಿ ಬಹುಭಾಗವು ಶಯನಗೃಹಗಳು. ಇಂಗ್ಲೆಂಡಿನಿಂದ ತರಿಸಿದ ಬಣ್ಣದ ಗಾಜು, ಕನ್ನಡಿಗಳು, ಚಾವಣಿಯ ಉಬ್ಬುಗೆಲಸ, ಹೂಬಳ್ಳಿಗಳ ಅಲಂಕಾರ ಇವೆಲ್ಲವೂ ಆ ಕಾಲದ ಆಂಗ್ಲರುಚಿಗೆ ತಕ್ಕುವು. ಆದರೆ ಮುಖ್ಯವಾದ ಮೂರು ಅಂಗಗಳನ್ನು ವಿಶೇಷವಾಗಿ ವಿಚಾರಿಸಬೇಕು.

ಮೊದಲನೆಯದು ದರ್ಬಾರು ಹಜಾರ. ಅಲಂಕೃತವಾದ ಮೆಟ್ಟಿಲುಗಳನ್ನು ಹತ್ತಿ, ಆನೆಯ ತಲೆಯೊಂದನ್ನು ಗೋಡೆಗೆ ನಿಲ್ಲಿಸಿರುವ ಮುಂಗೋಣೆಯನ್ನು ದಾಟಿ, ಮೇಲಂತಸ್ತಿನಲ್ಲಿರುವ ಈ ಹಜಾರವನ್ನು ಸೇರಬೇಕು. ಇದರ ಒಂದು ಪಕ್ಕದಲ್ಲಿ ಗಾಥಿಕ್ ಮಾದರಿಯ ಬಣ್ಣಗಾಜಿನ ಕಿಟಕಿಗಳಿವೆ. ಅರಸನು ಮೇಲಂತಸ್ತಿನಲ್ಲಿ ಸಭೆಗೆ ದರ್ಶನವೀಯುವ ಪದ್ಧತಿಯನ್ನು ಟೀಪುವಿನ ಮರದ ಅರಮನೆಯಲ್ಲಿಯೂ ಕಾಣಬಹುದು. ಬೆಂಗಳೂರಿಗೆ ಇದು ಹೊಸದಲ್ಲ; ಹೊಸದಾದುದು ಕಿಟಕಿಯ ಗಾಜು ಮಾತ್ರ.

ಎರಡನೆಯದು ಆ ಹಜಾರದ ತಡಿಕೆ. ಇಂಗ್ಲೆಂಡಿನ ಪ್ರಾಚೀನ ಪ್ರಭುಗೃಹಗಳ ಹಜಾರದಲ್ಲಿಯೂ ಒಂದು ಕೊನೆಗೆ ಮರದ ತಡಿಕೆಯಿರುತ್ತಿದ್ದಿತು. ಅಡುಗೆಮನೆಯ ಕಡೆಯಿಂದ ಬರುವ ಪರಿಚಾರಕರ ಓಡಾಟವನ್ನೂ ಗಾಳಿಯನ್ನೂ ಅದು ತಡೆಯುತ್ತಿದ್ದಿತು. ಬೆಂಗಳೂರಿನಲ್ಲಿ ತಡಿಕೆಯ ಪ್ರಯೋಜನವೇ ಬೇರೆ. ರಾಣೀವಾಸದವರು ಅದರ ಹಿಂದೆ ಕುಳಿತು, 'ತಾವು ಕಾಣದೆ ಸಭೆಯನ್ನು ಕಾಣುವುದಕ್ಕಾಗಿ' ಅದನ್ನು ನಿಲ್ಲಿಸಿದೆ. ಅಂಗವು ಒಂದೇ, ಅಲ್ಲಿ ಅದು ಸೇವಕರನ್ನು ಮರೆಮಾಡಿತು, ಇಲ್ಲಿ ಅಂತಃಪುರವನ್ನು ಮರೆಮಾಡಿತು. ಮೈಸೂರಿನ ರಾಜಕುಟುಂಬದ ಆಚಾರವು ಇಂಗ್ಲಿಷ್ ಹಜಾರದೊಳಕ್ಕೆ ಹೊಕ್ಕು ತನ್ನ ಸ್ಥಳವನ್ನು ಮಾಡಿಕೊಂಡಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ.

ಮೂರನೆಯದು ನೆಲದ ಅಂತಸ್ತಿನ ತೆರೆದ ಅಂಗಳ. ನೀಲಿಯ ಹಂಚುಬಿಲ್ಲೆಗಳನ್ನು ಹೊದಿಸಿದ ಕಲ್ಲಿನ ಆಸನಗಳು ಅಲ್ಲಿವೆ. ಹ್ಯಾಂಪ್ಟನ್ ಕೋರ್ಟಿನಂತಹ ಟ್ಯೂಡರ್ ಮಹಾಗೃಹಗಳಲ್ಲಿಯೂ ಅಂಗಳಗಳುಂಟು. ನಮ್ಮ ತೊಟ್ಟಿಮನೆಗೆ ಅಂಗಳವೇ ಪ್ರಾಣ. ಇಲ್ಲಿ ಎರಡು ಸಂಪ್ರದಾಯಗಳು ತಾವಾಗಿಯೇ ಕೂಡಿಕೊಂಡಿವೆ. ಆಕಾಶಕ್ಕೆ ತೆರೆದ ಒಳಂಗಳದಲ್ಲಿ ಕುಳಿತುಕೊಳ್ಳುವುದಕ್ಕೆ ಕನ್ನಡನಾಡಿನ ಗೃಹಸ್ಥನು ಇಂಗ್ಲಿಷರಿಂದ ಕಲಿಯಬೇಕಾದುದೇನೂ ಇರಲಿಲ್ಲ.

ಈ ಮೂರು ಅಂಗಗಳಿಂದ ಸಿದ್ಧಿಸುವುದೇನೆಂದರೆ, ಮನೆಯ ಮೈ ಆಂಗ್ಲವಾದರೂ ಅದರ ಬಾಳು ಮೈಸೂರಿನದು. ಕಾವ್ಯದಲ್ಲಿ ಕಥಾವಸ್ತುವನ್ನು ಅನ್ಯರಿಂದ ಪಡೆದ ಕವಿಯನ್ನು ಯಾರೂ ಅನುಕಾರಿಯೆಂದು ಹಳಿಯುವುದಿಲ್ಲ. ವ್ಯಾಸ ವಾಲ್ಮೀಕಿಗಳ ಕಥೆಯನ್ನು ಪಡೆದ ಕನ್ನಡ ಕವಿಗಳು ಅದನ್ನು ಕನ್ನಡಿಸಿದ ಬಗೆಯನ್ನೇ ವಿಮರ್ಶಕರು ನೋಡುವರು. ಕಟ್ಟಡದಲ್ಲಿಯೂ ಅದೇ ನ್ಯಾಯವು ಸಲ್ಲಬೇಕು.

೮. ಉತ್ತರಚರಿತ್ರೆ

ಮನೆಯು ೧೮೭೮ರಲ್ಲಿ ಸಿದ್ಧವಾಯಿತು; ರಾಜ್ಯವು ೧೮೮೧ರ ಮಾರ್ಚಿ ೨೫ರಂದು ಹಿಂದಿರುಗಿತು. ಮೂರು ವರ್ಷಗಳ ಕಾಲ ಅರಮನೆಯಿದ್ದು ಅರಸುತನವಿರಲಿಲ್ಲ. ಬೆಂಗಳೂರಿನ ದಂಡುಪ್ರದೇಶವು ೧೮೮೧ರ ಅನಂತರವೂ ೧೯೪೭ರವರೆಗೆ ಇಂಗ್ಲಿಷರ ಆಡಳಿತದಲ್ಲಿಯೇ ಉಳಿಯಿತು. ಆದಕಾರಣ ಮಹಾರಾಜರವರು ಬೆಂಗಳೂರಿಗೆ ಬಂದಾಗ ಒಂದೇ ಊರಿನಲ್ಲಿ ರೆಸಿಡೆಂಟರ ಮನೆಯೂ ಮಹಾರಾಜರ ಮನೆಯೂ ಎದುರುಬದುರಾದ ಎರಡು ಅಧಿಕಾರಗಳ ಚಿಹ್ನೆಗಳಾಗಿ ನಿಂತವು. ಎರಡೂ ಇಂಗ್ಲಿಷರ ಕೈಯಿಂದಲೇ ಆದುವೆಂಬುದು ಗಮನಾರ್ಹ.

ಚಾಮರಾಜ ಒಡೆಯರವರು ೧೮೯೪ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮೂವತ್ತೊಂದು ವರ್ಷದ ಎಳೆವಯಸ್ಸಿನಲ್ಲಿಯೇ ದಿವಂಗತರಾದರು. ೧೮೯೭ರಲ್ಲಿ ರಾಜಕುಮಾರಿಯ ವಿವಾಹಕಾಲದಲ್ಲಿ ಮೈಸೂರಿನ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಅದರ ಸ್ಥಾನದಲ್ಲಿ ಹೊಸ ಅರಮನೆಯನ್ನು ರಚಿಸಿದ ಹೆನ್ರಿ ಇರ್ವಿನ್ ಎಂಬವರೂ ಇಂಗ್ಲಿಷ್ ಶಿಲ್ಪಿಯೇ. ಆದರೆ ೧೯೧೨ರಲ್ಲಿ ಮುಗಿದ ಆ ಅರಮನೆಯು ಹಿಂದಿನ ವಿನ್ಯಾಸವನ್ನು ಬಹುಮಟ್ಟಿಗೆ ಉಳಿಸಿಕೊಂಡು, ಹಿಂದೂ ಮುಸಲ್ಮಾನ್ ಶೈಲಿಗಳನ್ನು ಬೆರಸಿ ಎದ್ದಿತು. ಬೆಂಗಳೂರಿನಲ್ಲಿ ಇಂಗ್ಲಿಷ್ ಮೈ, ಮೈಸೂರಿನಲ್ಲಿ ಭಾರತೀಯ ಮೈ; ಎರಡನ್ನೂ ರೂಪಿಸಿದ ಕೈ ಇಂಗ್ಲಿಷರದು. ಈ ಎರಡನ್ನು ಜೊತೆಯಿಟ್ಟು ಓದಿದಲ್ಲದೆ ಯಾವುದೊಂದರ ಅರ್ಥವೂ ಪೂರ್ಣವಾಗದು. ಶೈಲಿಯು ಶಿಲ್ಪಿಯ ಜಾತಿಯನ್ನಾಗಲಿ ಒಡೆಯನ ಮನಸ್ಸನ್ನಾಗಲಿ ನೇರವಾಗಿ ತಿಳಿಸಲಾರದೆಂಬ ಪಾಠವೂ ಇಲ್ಲಿಯೇ ದೊರೆಯುವುದು.

ಮೈಸೂರು ಸಂಸ್ಥಾನವು ೧೯೪೭ರಲ್ಲಿ ಭಾರತದಲ್ಲಿ ಸೇರಿದ ಮೇಲೆ ಅರಮನೆಯು ರಾಜಕುಟುಂಬದ ಸ್ವತ್ತಾಗಿ ಉಳಿಯಿತು. ೧೯೯೬ರಲ್ಲಿ ಕರ್ಣಾಟಕದ ವಿಧಾನಮಂಡಲವು ಅರಮನೆಯನ್ನೂ ಅದರ ಭೂಮಿಯನ್ನೂ ಸರಕಾರದ ವಶಕ್ಕೆ ತೆಗೆದುಕೊಳ್ಳುವ ಕಾಯಿದೆಯನ್ನು ಅಂಗೀಕರಿಸಿತು. ಆ ವ್ಯಾಜ್ಯವು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಸಾಗಿತು. ೨೦೦೫ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರವರು ಜೀರ್ಣೋದ್ಧಾರಮಾಡಿಸಿ ಸಾರ್ವಜನಿಕರ ದರ್ಶನಕ್ಕೆ ಬಾಗಿಲನ್ನು ತೆರೆಸಿದರು. ಇದು ಯಾರ ಮನೆ ಎಂಬ ಪ್ರಶ್ನೆಯು ಹೀಗೆ ನೂರು ವರ್ಷಗಳ ಅನಂತರವೂ ಹೊಸ ರೂಪದಲ್ಲಿ ಎದ್ದಿತು.

೯. ಉಪಸಂಹಾರ

ಇದುವರೆಗಿನ ವಿಮರ್ಶೆಯಿಂದ ನಿರ್ಣೀತವಾಗುವ ಸಂಗತಿಗಳು ಇವು. ಬೆಂಗಳೂರಿನ ಅರಮನೆಯು ದೊರೆಯೊಬ್ಬರ ವಿದೇಶಯಾತ್ರೆಯ ಫಲವಲ್ಲ. ಕನ್ನಡ ಗ್ರಂಥಗಳನ್ನು ಅಚ್ಚು ಮಾಡಿಸಿದ ಇಂಗ್ಲಿಷ್ ಉಪಾಧ್ಯಾಯರೊಬ್ಬರ ಮನೆಯ ಬೆಳವಣಿಗೆ. ಅದನ್ನು ಆರಿಸಿದವರು ಅರಸರಲ್ಲ, ಅರಸನ ಪಾಲಕರು. ಅದರ ಆಕಾರವು ಒಂದು ಪುರಾತನ ದುರ್ಗದ ನಕಲಲ್ಲ, ಹತ್ತೊಂಬತ್ತನೆಯ ಶತಮಾನದ ಅಭಿರುಚಿಯೊಂದರ ಶಾಖೆ. ಅದರ ಒಳಗಣ ವ್ಯವಸ್ಥೆಯಾದರೋ ಮೈಸೂರಿನ ರಾಜಾಚಾರಕ್ಕೆ ತಕ್ಕುದು.

ರಾಜ್ಯವು ಅರಸನ ಕೈತಪ್ಪಿದ್ದ ಐವತ್ತು ವರ್ಷಗಳಿಗೆ ದಾಖಲೆಗಳು ಬೇಕಾದಷ್ಟು ಇವೆ. ಆದರೆ ಅವುಗಳಲ್ಲಿ ಬಹುಪಾಲು ಆಳಿದವರು ಬರೆದುವು. ಆ ಕಾಲದ ಅರಸುತನದ ಸ್ಥಿತಿಯನ್ನು ಕಲ್ಲುಗಾರೆಗಳಲ್ಲಿ ಹಿಡಿದಿಟ್ಟ ಸಾಕ್ಷಿಯೆಂದು ಈ ಗೃಹವನ್ನು ಓದಬೇಕು. ಶಾಸನವನ್ನು ಓದುವವನು ಲಿಪಿಯನ್ನು ಮಾತ್ರ ನೋಡದೆ ಅದನ್ನು ಬರೆಸಿದವನಾರು, ದಾನವಿತ್ತವನಾರು, ಸಾಕ್ಷಿಗಳಾರು ಎಂದು ವಿಚಾರಿಸುವಂತೆ, ಕಟ್ಟಡದಲ್ಲಿಯೂ ಶೈಲಿಯನ್ನು ಮಾತ್ರ ನೋಡದೆ ಹಣವಿತ್ತವನಾರು, ಆರಿಸಿದವನಾರು, ಒಳಗೆ ಬಾಳಿದವರಾರು ಎಂದು ಕೇಳಬೇಕು. ಹಾಗೆ ಕೇಳಿದಾಗ ಆಂಗ್ಲರೂಪದ ಈ ಮನೆಯು ಕರ್ಣಾಟಕದ ಚರಿತ್ರೆಗೆ ಹೊರಗಿನದೆಂದು ಹೇಳಲು ಬರುವುದಿಲ್ಲ. ಕನ್ನಡಿಗರು ಅದನ್ನು ಮೊದಲಿನಿಂದಲೂ ‘ಅರಮನೆ’ ಎಂದೇ ಕರೆದರು. ಅರಸನ ಮನೆಯೆಂಬ ಆ ಶಬ್ದದ ಮೊದಲನೆಯ ನಿಷ್ಪತ್ತಿಯನ್ನು ಕೋಶಕಾರರಿಗಿಂತ ಮುಂಚೆ ಜನರು ತಿಳಿದಿದ್ದರು.